ಆ್ಯಂಟಿಬಯೊಟಿಕ್ ಪ್ರಮಾಣ, ನಿಗಾ ಮತ್ತು ಒಳರೋಗಿಯ ಹಕ್ಕು

ಸೋಂಕಿನಿಂದ ಆಸ್ಪತ್ರೆಗೆ ದಾಖಲಾದವರಿಗೆ ಯಾವ ಆ್ಯಂಟಿಬಯೊಟಿಕ್ ಔಷಧವನ್ನು ಎಷ್ಟು ಪ್ರಮಾಣದಲ್ಲಿ, ಎಷ್ಟು ಗಂಟೆಗೊಮ್ಮೆ ಕೊಡಬೇಕೆಂಬುದನ್ನು ಕಾನೂನು ನಿಗದಿಪಡಿಸುವುದಿಲ್ಲ. ಆದರೆ ವೈದ್ಯರು ಅದನ್ನು ರೋಗಿಯ ವಯಸ್ಸು, ತೂಕ ಹಾಗೂ ಮೂತ್ರಪಿಂಡಗಳ ಸ್ಥಿತಿಯನ್ನು ನೋಡಿ ನಿರ್ಧರಿಸಿದರೇ, ಅನಂತರ ತಕ್ಕ ನಿಗಾ ಇಟ್ಟರೇ ಎಂಬುದನ್ನು ಕಾನೂನು ಖಂಡಿತವಾಗಿ ಪರಿಶೀಲಿಸುತ್ತದೆ.

ಜೆಂಟಾಮೈಸಿನ್, ಅಮಿಕಾಸಿನ್, ವ್ಯಾಂಕೊಮೈಸಿನ್‌ನಂತಹ ಚುಚ್ಚುಮದ್ದುಗಳು ಬಹುಪಾಲು ಮೂತ್ರದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾದಾಗ ಅವು ದೇಹದಲ್ಲಿ ಶೇಖರವಾಗಿ ಅದೇ ಮೂತ್ರಪಿಂಡಕ್ಕೂ, ಮೊದಲೆರಡು ಔಷಧಗಳು ಒಳಕಿವಿಗೂ, ಹಾನಿ ಮಾಡಬಲ್ಲವು. ಆದಕಾರಣ ಮೂತ್ರಪಿಂಡದ ಕಾರ್ಯವನ್ನು ಸೂಚಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ, ಅಗತ್ಯವಿದ್ದಲ್ಲಿ ಮುಂದಿನ ಡೋಸ್‌ಗೆ ತುಸು ಮುನ್ನ ರಕ್ತದಲ್ಲಿ ಉಳಿದಿರುವ ಔಷಧದ ಮಟ್ಟವನ್ನೂ ನೋಡಬೇಕಾಗುತ್ತದೆ. ಡೋಸ್ ಕಡಿಮೆಯಾದರೂ ಅಪಾಯ ತಪ್ಪಿದ್ದಲ್ಲ: ಸೋಂಕು ಉಳಿಯುತ್ತದೆ, ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಈ ಕುರಿತು ಮನೆಯವರು ಕೇಳುವ ಪ್ರಶ್ನೆಯನ್ನು ವೈದ್ಯರ ಮೇಲಿನ ಅಪನಂಬಿಕೆಯೆಂದು ಭಾವಿಸುವ ರೂಢಿ ವಿಷಾದಕರ. ಚಿಕಿತ್ಸೆಯ ವಿವರ ತಿಳಿಯುವುದು ರೋಗಿಯ ಹಕ್ಕು.

ಎಲ್ಲಕ್ಕಿಂತ ಮುಖ್ಯವಾದದ್ದು ದಾಖಲೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಆತ ಅಧಿಕಾರ ನೀಡಿದವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಡಿಸ್ಚಾರ್ಜ್ ಸಮರಿಯೊಂದನ್ನೇ ಪಡೆದು ಮರಳುವುದು ಸಾಲದು. ಪ್ರತಿ ಡೋಸ್‌ನ ವೇಳೆ ಮತ್ತು ದಾದಿಯ ಸಹಿಯಿರುವ ಔಷಧ ಚಾರ್ಟ್, ಕಲ್ಚರ್ ವರದಿ, ರಕ್ತಪರೀಕ್ಷೆಯ ವರದಿಗಳನ್ನೂ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಪಡೆಯಬೇಕು. ಕ್ರಿಯಾಟಿನಿನ್ ಏರುತ್ತ ಹೋದ ದಿನಗಳಲ್ಲಿಯೂ ಡೋಸ್ ಬದಲಾಗದೆ ಮುಂದುವರಿಯಿತೇ ಎಂಬುದು ಈ ಹಾಳೆಗಳನ್ನು ಜೊತೆಯಿಟ್ಟು ಓದಿದಾಗ ಮಾತ್ರ ಕಾಣುತ್ತದೆ.

ಹಾನಿಯಾಯಿತೆಂಬ ಕಾರಣಕ್ಕೇ ನಿರ್ಲಕ್ಷ್ಯ ಸಾಬೀತಾಗುವುದಿಲ್ಲವೆಂಬುದನ್ನು ಜೇಕಬ್ ಮ್ಯಾಥ್ಯೂ ಪ್ರಕರಣದ 2005ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿರುವುದರಿಂದ, ದೂರಿಗೆ ಮುನ್ನ ಆ ವಿಷಯದ ತಜ್ಞರಿಗೆ ದಾಖಲೆ ತೋರಿಸುವುದು ಒಳ್ಳೆಯದು. ಪರಿಹಾರಕ್ಕಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷಗಳೊಳಗೆ, ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ಆಯೋಗದ ಮೊರೆ ಹೋಗಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಮಾತ್ರ 1995ರ ವಿ.ಪಿ. ಶಾಂತಾ ತೀರ್ಪಿನಂತೆ ಇದರ ಹೊರಗುಳಿಯುತ್ತವೆ. ವೈದ್ಯರ ವೃತ್ತಿ ನಡತೆಯ ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ಆಲಿಸುತ್ತದೆ. ಯಾರ ತಪ್ಪೆಂಬ ಪ್ರಶ್ನೆಯಿಲ್ಲದೆ ಔಷಧದ ಅಡ್ಡಪರಿಣಾಮವನ್ನಷ್ಟೇ ವರದಿ ಮಾಡಲು ರೋಗಿಗಳಿಗೂ ಮುಕ್ತವಾಗಿರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-180-3024.