ಮುಂಗಡ ಕೊಟ್ಟ ಸಾಧನ ಬಾರದಿದ್ದರೆ: ಹಣ ಹಿಂಪಡೆಯುವ ಹಕ್ಕು ಯಾರಿಗೆ, ಎಷ್ಟು?

ಸರಕು ಕಣ್ಣಿಗೆ ಬೀಳುವ ಮೊದಲೇ ಅದಕ್ಕೆ ಹಣ ಕೊಡುವ ಪದ್ಧತಿ ಮಂಡ್ಯ ಜಿಲ್ಲೆಯ ವರ್ತಕರಿಗೆ ಹೊಸದಲ್ಲ. ಬೆಲ್ಲದ ಮಂಡಿಯವರು ಆಲೆಮನೆಗೆ ಮುಂಗಡ ಕೊಡುವುದು ಇದೇ ನಂಬಿಕೆಯ ಮೇಲೆ. ಆದರೆ ಅಲ್ಲಿ ಕೊಟ್ಟವರಿಗೂ ಪಡೆದವರಿಗೂ ಪರಸ್ಪರ ಮನೆ ಗೊತ್ತಿರುತ್ತದೆ. ಕ್ರೌಡ್‌ಫಂಡಿಂಗ್ ಅಥವಾ ಪ್ರೀ-ಬುಕಿಂಗ್ ಎಂಬ ಹೆಸರಿನಲ್ಲಿ ಅಂತರ್ಜಾಲದ ಮೂಲಕ ನಡೆಯುವ ವ್ಯವಹಾರದಲ್ಲಿ ಆ ಪರಿಚಯವಿಲ್ಲ. ಹಣ ಸಾವಿರಾರು ಜನರಿಂದ ಬರುತ್ತದೆ. ಸಾಧನ ಇನ್ನೂ ನಕ್ಷೆಯಲ್ಲೇ ಇರುತ್ತದೆ. (ಮುಂಗಡ ಹಣಕ್ಕೆ ಇದ್ದ ಹಳೆಯ ಮಾತು ‘ಸಂಚಕಾರ’. ಅದೇ ಪದ ಇಂದು ಅಪಾಯ ಎಂಬ ಅರ್ಥದಲ್ಲಿ ಬಳಕೆಯಾಗುತ್ತಿರುವುದು ಅಕಾರಣವಲ್ಲವೇನೋ.)

ಅಮೆರಿಕದ ಕಿಕ್‌ಸ್ಟಾರ್ಟರ್ 2009ರಲ್ಲಿ ಆರಂಭವಾದ ಬಳಿಕ ಈ ಪದ್ಧತಿ ವ್ಯಾಪಕವಾಯಿತು. ಅದರ ಮೂಲಕ 2014ರಲ್ಲಿ ‘ಕೂಲೆಸ್ಟ್ ಕೂಲರ್’ ಎಂಬ ಶೀತಪೆಟ್ಟಿಗೆಗೆ 62,000ಕ್ಕೂ ಹೆಚ್ಚು ಜನರು 1.3 ಕೋಟಿ ಡಾಲರ್‌ಗಿಂತ ಅಧಿಕ ಮೊತ್ತ ನೀಡಿದರು. 2019ರಲ್ಲಿ ಕಂಪನಿ ಮುಚ್ಚಿದಾಗ ಅವರಲ್ಲಿ ಸುಮಾರು 20,000 ಮಂದಿಗೆ ಪೆಟ್ಟಿಗೆ ಬಂದಿರಲಿಲ್ಲ. ಬ್ರಿಟನ್ನಿನ ‘ಜಾನೋ’ ಡ್ರೋನಿಗೆ 12,000 ಜನರು 23 ಲಕ್ಷ ಪೌಂಡ್ ಕೊಟ್ಟಿದ್ದರು. 2015ರ ನವೆಂಬರ್‌ನಲ್ಲಿ ಆ ಕಂಪನಿ ಸಮಾಪನಗೊಂಡಿತು.

ಭಾರತದಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಂಡದ್ದು ಮುಂಗಡ ಬುಕಿಂಗ್ ರೂಪದಲ್ಲಿ. 2016ರ ಫೆಬ್ರವರಿಯಲ್ಲಿ ನೋಯ್ಡಾದ ರಿಂಗಿಂಗ್ ಬೆಲ್ಸ್ ಕಂಪನಿ ರೂ. 251ಕ್ಕೆ ಸ್ಮಾರ್ಟ್‌ಫೋನ್ ಕೊಡುವುದಾಗಿ ಪ್ರಕಟಿಸಿ, ಕೆಲವೇ ದಿನಗಳಲ್ಲಿ ಮುಂಗಡ ಪಾವತಿಸಿದವರ ಹಣ ಹಿಂದಿರುಗಿಸುವುದಾಗಿ ಹೇಳಬೇಕಾಯಿತು. ಒಂದು ವರ್ಷದ ನಂತರ ಕಂಪನಿಯ ನಿರ್ದೇಶಕರ ಬಂಧನವಾದದ್ದು ವಿತರಣೆಗಾಗಿ ಹಣ ಕಟ್ಟಿದ್ದ ಗಾಜಿಯಾಬಾದಿನ ವರ್ತಕ ಸಂಸ್ಥೆಯೊಂದರ ದೂರಿನ ಮೇಲೆ. ರೂ. 251 ಕಳೆದುಕೊಂಡವರು ಸುಮ್ಮನಿರಬಹುದು; ಲಕ್ಷಗಟ್ಟಲೆ ಕಟ್ಟಿದ ವಿತರಕ ಹಾಗಿರಲಾರ. ಬೆಂಗಳೂರಿನ ಸಿಂಪಲ್ ಎನರ್ಜಿ ಕಂಪನಿ 2021ರ ಆಗಸ್ಟ್ 15ರಂದು ತನ್ನ ವಿದ್ಯುತ್ ಸ್ಕೂಟರನ್ನು ಅನಾವರಣಗೊಳಿಸಿ ರೂ. 1,947 ಪಡೆದು ಬುಕಿಂಗ್ ಮಾಡಿಕೊಂಡಿತು. ವಿತರಣೆ ಆರಂಭವಾದದ್ದು 2023ರ ಜೂನ್‌ನಲ್ಲಿ. ಆದರೆ ಆ ಮೊತ್ತವನ್ನು ಮರುಪಾವತಿಗೆ ಅರ್ಹವೆಂದು ಮೊದಲೇ ಘೋಷಿಸಲಾಗಿತ್ತು. ರಸೀತಿಯಲ್ಲಿ ಆ ಒಂದು ಮಾತು ಇದೆಯೇ ಇಲ್ಲವೇ ಎಂಬುದರ ಮೇಲೆಯೇ ಮುಂದಿನ ಜಗಳದ ಅರ್ಧಭಾಗ ನಿಂತಿರುತ್ತದೆ.

ಕೊಟ್ಟ ಹಣದ ಸ್ವರೂಪವೇನು?

ಕ್ರೌಡ್‌ಫಂಡಿಂಗ್ ಸಂಸ್ಥೆಗಳು ತಮ್ಮನ್ನು ಅಂಗಡಿಯೆಂದು ಒಪ್ಪುವುದಿಲ್ಲ. ಒಪ್ಪಂದವಿರುವುದು ಹಣ ಕೊಟ್ಟವರ ಹಾಗೂ ತಯಾರಕರ ನಡುವೆ ಮಾತ್ರ ಎಂಬುದು ಕಿಕ್‌ಸ್ಟಾರ್ಟರ್‌ನ ಷರತ್ತು. ಆದರೆ ‘ಕೊಡುಗೆ’ ಎಂದು ಬರೆದ ಮಾತ್ರಕ್ಕೆ ಅದು ದಾನವಾಗುವುದಿಲ್ಲ. ಇಂತಿಷ್ಟು ಹಣಕ್ಕೆ ಇಂಥ ವಸ್ತು ಎಂಬ ನಿರ್ದಿಷ್ಟ ಭರವಸೆ ಇದ್ದರೆ ಅದು 1930ರ ಸರಕು ಮಾರಾಟ ಕಾಯ್ದೆಯಡಿ ಮಾರಾಟದ ಕರಾರು. ಇನ್ನೂ ತಯಾರಾಗದ ಸರಕನ್ನು ಕುರಿತೂ ಕರಾರು ಮಾಡಿಕೊಳ್ಳಬಹುದೆಂದು ಅದರ 6ನೇ ಕಲಮು ಹೇಳುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಸ್ಪೀಟು ಎಲೆಗಳ ಯೋಜನೆಯೊಂದಕ್ಕೆ ಹಣ ಪಡೆದು ಎಲೆ ಕಳುಹಿಸದವನಿಗೆ 2015ರಲ್ಲಿ ನ್ಯಾಯಾಲಯ 54,851 ಡಾಲರ್ ತೆರುವಂತೆ ಆದೇಶಿಸಿತು. ಅದರಲ್ಲಿ ಆ ರಾಜ್ಯದ 31 ಮಂದಿಗೆ ಮರಳಬೇಕಾದ ಅಸಲು ಕೇವಲ 668 ಡಾಲರ್. ಉಳಿದದ್ದು ದಂಡ ಹಾಗೂ ಖರ್ಚು.

ಗ್ರಾಹಕನೋ, ವರ್ತಕನೋ?

ಉದಾಹರಣೆಗೆ, ಗೋವಿಂದನಹಳ್ಳಿಯ ರೈತರೊಬ್ಬರು ಪಂಪ್‌ಸೆಟ್‌ನ್ನು ಮೊಬೈಲಿನಿಂದ ಚಾಲೂ ಮಾಡುವ ಹೊಸ ಸಾಧನವೊಂದಕ್ಕೆ ಮುಂಗಡ ಕಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಕೃಷ್ಣರಾಜಪೇಟೆಯ ಅಂಗಡಿಯವರೊಬ್ಬರು ಮಾರಾಟಕ್ಕೆಂದು ಅದೇ ಸಾಧನ ಇಪ್ಪತ್ತಕ್ಕೆ ಹಣ ಕಟ್ಟಿದ್ದಾರೆ. ಇಬ್ಬರಿಗೂ ಬಂದಿಲ್ಲ. ರೈತರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು. ಮಾರಾಟಗಾರ ಯಾವ ಊರಿನಲ್ಲೇ ಇರಲಿ, ಅವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಅಂದರೆ ಮಂಡ್ಯದಲ್ಲಿಯೇ, ದೂರು ಕೊಡಬಹುದು. ರೂ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅವಧಿ ಎರಡು ವರ್ಷ.

ಅಂಗಡಿಯವರಿಗೆ ಈ ಬಾಗಿಲು ಮುಚ್ಚಿದೆ. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವ ಸಾಧನಕ್ಕೆ ಮಾತ್ರ ವಿನಾಯಿತಿ ಇದೆ. ಸಣ್ಣ ಉತ್ಪಾದಕರು ಇಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣವನ್ನು ನೆನೆಯಬೇಕು. ತಡವಾಗಿ ಹಾಗೂ ದೋಷಪೂರಿತವಾಗಿ ಬಂದ ಯಂತ್ರಕ್ಕಾಗಿ ಆ ಸಣ್ಣ ಕೈಗಾರಿಕೆ ಮಹಾರಾಷ್ಟ್ರದ ರಾಜ್ಯ ಆಯೋಗದಲ್ಲಿ ಪರಿಹಾರ ಪಡೆದಿತ್ತು; ರಾಷ್ಟ್ರೀಯ ಆಯೋಗ ಅದನ್ನು ತಳ್ಳಿಹಾಕಿತು. ಯಂತ್ರ ಕೊಂಡದ್ದು ವಾಣಿಜ್ಯ ಉದ್ದೇಶಕ್ಕೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ವರ್ಷಗಳ ಹೋರಾಟ ತಪ್ಪು ಕಟ್ಟೆಯಲ್ಲಿ ಕಳೆದುಹೋಯಿತು.

ಹಾಗೆಂದು ವರ್ತಕನಿಗೆ ಹಕ್ಕೇ ಇಲ್ಲವೆಂದಲ್ಲ. ಸಿವಿಲ್ ದಾವೆಯಲ್ಲಿ ಬೆಲೆಯ ಮರುಪಾವತಿ, ಅದರ ಮೇಲೆ ಬಡ್ಡಿ, ಸರಕು ಬಾರದ್ದರಿಂದ ಆದ ನಷ್ಟ ಮೂರನ್ನೂ ಕೇಳಬಹುದು. ವಿವಾದ ರೂ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನದಾದರೆ ವಾಣಿಜ್ಯ ನ್ಯಾಯಾಲಯ. ತುರ್ತು ಪರಿಹಾರ ಬೇಡದಿದ್ದಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಕಾಲಮಿತಿ ಮೂರು ವರ್ಷ. ಅವಧಿ ಮುಗಿಯುವುದರೊಳಗೆ ಎದುರುಪಕ್ಷ ಸಹಿ ಮಾಡಿದ ಪತ್ರದಲ್ಲಿ ಬಾಕಿಯನ್ನು ಒಪ್ಪಿಕೊಂಡರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಆದ್ದರಿಂದ ‘ಮುಂದಿನ ತಿಂಗಳು ಕಳುಹಿಸುತ್ತೇವೆ’ ಎಂಬ ದೂರವಾಣಿಯ ಮಾತಿಗಿಂತ ಎರಡು ಸಾಲಿನ ಪತ್ರ ಮೇಲು. ಕರಾರಿನಲ್ಲಿ ದಿನಾಂಕವೇ ಇಲ್ಲದಿದ್ದರೆ ‘ಸಮಂಜಸ ಕಾಲ’ದೊಳಗೆ ನೆರವೇರಿಸಬೇಕೆಂಬುದು ನಿಯಮ, ಅದು ಎಷ್ಟು ಎಂಬ ವಾದಕ್ಕೆ ಎಡೆಗೊಡದೆ, ಗಡುವು ನಮೂದಿಸಿ ನೋಟೀಸು ಕೊಡುವುದು ಕ್ಷೇಮ. ಇನ್ನೊಂದು ತಪ್ಪು ಕಲ್ಪನೆ ಸಣ್ಣ ಉದ್ದಿಮೆದಾರರಲ್ಲಿದೆ: 2006ರ ಎಂ.ಎಸ್.ಎಂ.ಇ. ಕಾಯ್ದೆಯ ಬಾಕಿ ವಸೂಲಿ ವ್ಯವಸ್ಥೆ ಸರಕು ಪೂರೈಸಿ ಹಣ ಬಾರದವರಿಗೆ. ಹಣ ಕೊಟ್ಟು ಸರಕು ಬಾರದವರಿಗಲ್ಲ.

ಕಂಪನಿ ದಿವಾಳಿಯಾದರೆ ಮುಂಗಡ ಕೊಟ್ಟವರನ್ನು ‘ವ್ಯವಹಾರಿಕ ಸಾಲಿಗರು’ ಎಂದು ಪರಿಗಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಹಿಟ್ರೋ ಎನರ್ಜಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಇದು ಸಂತೋಷದ ಸಂಗತಿಯಾದರೂ ಪ್ರಕ್ರಿಯೆ ಆರಂಭಿಸಲು ಬಾಕಿ ಕನಿಷ್ಠ ರೂ. 1 ಕೋಟಿ ಇರಬೇಕು. ಬೇರೆಯವರು ಆರಂಭಿಸಿದ ಪ್ರಕ್ರಿಯೆಯಲ್ಲಿ ಸಕಾಲದಲ್ಲಿ ಹಕ್ಕುಸಾಧನೆ ಸಲ್ಲಿಸುವುದಷ್ಟೇ ಸಣ್ಣವರ ಪಾಲಿಗೆ ಉಳಿಯುತ್ತದೆ. ಕಂಪನಿ ಸಮಾಪನಕ್ಕೆ ಹೋದರೆ ಬ್ಯಾಂಕುಗಳಂತಹ ಭದ್ರತೆ ಹೊಂದಿದ ಸಾಲಿಗರು ಹಾಗೂ ಕಾರ್ಮಿಕರ ಪಾಲು ಮೊದಲು.

ಮುಂಗಡ ಪಡೆಯುವವರು ಗಮನಿಸಬೇಕಾದದ್ದು

ಸದಸ್ಯರಲ್ಲಿ ಕೆಲವರು ತಾವೇ ಹೊಸ ಉತ್ಪನ್ನಕ್ಕೆ ಜನರಿಂದ ಮುಂಗಡ ಸಂಗ್ರಹಿಸಲು ಯೋಚಿಸುತ್ತಿರಬಹುದು. ಕಂಪನಿಯಾಗಿದ್ದರೆ, ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಪೂರೈಕೆಗೆ ಹೊಂದಿಸಬೇಕು. ಇಲ್ಲದಿದ್ದರೆ 2014ರ ಠೇವಣಿ ನಿಯಮಗಳಡಿ ಅದು ಠೇವಣಿಯಾಗುತ್ತದೆ. ಸ್ವಂತ ಅಂಗಡಿ, ಪಾಲುದಾರಿಕೆ ಸಂಸ್ಥೆಗಳೂ ಪಾರಾಗುವುದಿಲ್ಲ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆಯ ಪ್ರಕಾರ ಸರಕಿನ ಮುಂಗಡ ಸಾಮಾನ್ಯವಾಗಿ ಠೇವಣಿಯಲ್ಲ. ಆದರೆ ಅದನ್ನು ಮರಳಿಸಬೇಕಾದ ದಿನದಿಂದ 15 ದಿನ ಕಳೆದರೆ ಠೇವಣಿಯೆಂದೇ ಭಾವಿಸಲಾಗುತ್ತದೆ. ಆ ಕಾಯ್ದೆಯಲ್ಲಿ ಇರುವುದು ಜೈಲುವಾಸದ ಶಿಕ್ಷೆ. ಮುಂಗಡವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಹಿಂದಿರುಗಿಸುವಾಗ ಜಿ.ಎಸ್.ಟಿ. ಕಾಯ್ದೆಯ 31ನೇ ಕಲಮಿನಂತೆ ಮರುಪಾವತಿ ವೋಚರ್ ಬರೆದು, ಅದರಲ್ಲಿ ಮೂಲ ರಸೀತಿ ವೋಚರಿನ ಸಂಖ್ಯೆ ಹಾಗೂ ದಿನಾಂಕವನ್ನು ನಮೂದಿಸಬೇಕು.