ಬಾರದ ಬ್ಯಾಗಿಗೆ ಬರಬೇಕಾದ ಹಣ

ಕೆನಡಾದ ಗಾಯಕ ಡೇವ್ ಕ್ಯಾರಲ್ 2008ರ ಮಾರ್ಚ್‌ನಲ್ಲಿ ಹ್ಯಾಲಿಫ್ಯಾಕ್ಸ್‌ನಿಂದ ಅಮೆರಿಕದ ಒಮಾಹಾಕ್ಕೆ ಹೊರಟಿದ್ದರು. ನಡುವೆ ಶಿಕಾಗೊದಲ್ಲಿ ವಿಮಾನ ನಿಂತಾಗ, ಕೆಳಗೆ ಸಿಬ್ಬಂದಿ ಗಿಟಾರ್‌ಗಳನ್ನು ಎತ್ತಿ ಎಸೆಯುತ್ತಿದ್ದುದು ಪ್ರಯಾಣಿಕರ ಕಣ್ಣಿಗೆ ಬಿತ್ತು. ಕ್ಯಾರಲ್ ಅವರ ಟೇಲರ್ ಗಿಟಾರ್ ಒಡೆದಿತ್ತು, ರಿಪೇರಿಗೆ 1,200 ಡಾಲರ್ ತಗುಲಿತು. ತಿಂಗಳುಗಟ್ಟಲೆ ಪತ್ರ ಬರೆದು, ಫೋನ್ ಮಾಡಿದ ಮೇಲೆ ಯುನೈಟೆಡ್ ಏರ್‌ಲೈನ್ಸ್ ಕೊಟ್ಟ ಉತ್ತರ ಇಷ್ಟೇ: 24 ಗಂಟೆಯೊಳಗೆ ಕ್ಲೇಮ್ ಸಲ್ಲಿಸಿಲ್ಲ, ಹಾಗಾಗಿ ಪರಿಹಾರ ಇಲ್ಲ. 2009ರ ಜುಲೈನಲ್ಲಿ ಅವರು ಅದನ್ನೇ ಹಾಡು ಮಾಡಿ ಯೂಟ್ಯೂಬಿಗೆ ಹಾಕಿದರು. ಜಗತ್ತೇ ನೋಡಿತು.

ಹಾಡು ಕಟ್ಟಲು ಬಾರದ ನಮ್ಮಂಥ ಪ್ರಯಾಣಿಕರ ಕೈಯಲ್ಲಿರುವುದು ಕಾನೂನು. ಅದು ಸಾಕಷ್ಟು ಗಟ್ಟಿಯಾಗಿಯೇ ಇದೆ.

ವಿದೇಶ ಪ್ರಯಾಣಕ್ಕೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತದಲ್ಲಿ ಅದು 2009ರಿಂದ ಜಾರಿಯಲ್ಲಿದೆ. ಚೆಕ್-ಇನ್ ಮಾಡಿದ ಲಗೇಜ್ ತಡವಾದರೂ, ಕಳೆದರೂ, ಹಾಳಾದರೂ ಒಬ್ಬ ಪ್ರಯಾಣಿಕರಿಗೆ ಗರಿಷ್ಠ 1,519 ಎಸ್‌ಡಿಆರ್ ತನಕ ವಿಮಾನಸಂಸ್ಥೆಯೇ ಹೊಣೆ. ಎಸ್‌ಡಿಆರ್ ಎನ್ನುವುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ರೂಪಾಯಿಗೆ ತಿರುಗಿಸಿದರೆ ಈ ಮಿತಿ ಹೆಚ್ಚುಕಡಿಮೆ 1.8 ಲಕ್ಷ ಆಗುತ್ತದೆ, ವಿನಿಮಯ ದರದ ಜೊತೆ ಏರಿಳಿಯುತ್ತದೆ. 2024ರ ಡಿಸೆಂಬರ್ 28ಕ್ಕೆ ಮೊದಲು ಅದು 1,288 ಎಸ್‌ಡಿಆರ್ ಇತ್ತು. ದೇಶದೊಳಗಿನ ಹಾರಾಟದ ಮಿತಿ ಮಾತ್ರ ತೀರಾ ಕಡಿಮೆ. 2014ರಲ್ಲಿ ಗೊತ್ತುಮಾಡಿದ್ದು 20,000 ರೂಪಾಯಿ, ಕೇಂದ್ರ ಸರ್ಕಾರದ 2019ರ ಪ್ರಯಾಣಿಕರ ಸನ್ನದಿನಲ್ಲೂ ಅಷ್ಟೇ. ಮದುವೆಗೆಂದು ಇಟ್ಟ ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆಯೂ ಅದರಲ್ಲಿ ಹುಟ್ಟುವುದಿಲ್ಲ. ಈ ಅನ್ಯಾಯ ಸರಿಯಾಗಲೇಬೇಕು.

ಇವೆಲ್ಲ ಗರಿಷ್ಠ ಮಿತಿಗಳು, ಕೇಳಿದೊಡನೆ ಎಣಿಸಿ ಕೊಡುವ ಮೊತ್ತವಲ್ಲ. ಎಷ್ಟು ನಷ್ಟವಾಯಿತೆಂದು ಪ್ರಯಾಣಿಕರೇ ತೋರಿಸಬೇಕು. ಅದನ್ನು ಗಡುವಿನೊಳಗೆ, ಬರಹದಲ್ಲಿ ತೋರಿಸಬೇಕು.

ಹೆಚ್ಚಿನವರು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಬ್ಯಾಗ್ ಬಾರದಿದ್ದರೆ ಬೆಲ್ಟ್ ಪಕ್ಕದ ಕೌಂಟರಿನಲ್ಲಿ ಪಿಐಆರ್ ಎಂಬ ದೂರು ಬರೆಸಿಕೊಳ್ಳುತ್ತಾರೆ. ನಾನಾ ಬಗೆಯ ಬ್ಯಾಗುಗಳ ಚಿತ್ರವಿರುವ ಒಂದು ಹಾಳೆ ಮುಂದಿಟ್ಟು, ನಿಮ್ಮದು ಯಾವುದು, ಬಣ್ಣ ಯಾವುದು, ಜಿಪ್ ಇದೆಯೇ, ಚಕ್ರ ಇದೆಯೇ ಎಂದು ಕೇಳುತ್ತಾರೆ. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಲಗೇಜ್ ಟ್ಯಾಗಿನ ಚೀಟಿ ನೋಡಿ ನಂಬರ್ ಬರೆದುಕೊಳ್ಳುತ್ತಾರೆ. ಕೊನೆಗೆ ಸಾಮಾನ್ಯವಾಗಿ ಐದು ಅಕ್ಷರ, ಐದು ಅಂಕಿಯ ಒಂದು ಉಲ್ಲೇಖ ಸಂಖ್ಯೆ ಕೈಗೆ ಬರುತ್ತದೆ. ಬೆಂಗಳೂರಿನಲ್ಲಿ ಬರೆಸಿದ್ದಾದರೆ ಅದು ಬಿಎಲ್‌ಆರ್ ಎಂದು ಶುರುವಾಗುತ್ತದೆ. ಆ ಕಾಗದ ಸಿಕ್ಕೊಡನೆ ಕೆಲಸ ಮುಗಿಯಿತೆಂದು ಜನ ಮನೆಗೆ ಹೋಗುತ್ತಾರೆ. ಪಿಐಆರ್ ಇರುವುದು ಬ್ಯಾಗ್ ಹುಡುಕಲು. ಹಣ ಕೇಳುವ ಪತ್ರ ಬೇರೆಯೇ ಬರೆಯಬೇಕು. ಹಾಳಾದ ಬ್ಯಾಗಿಗೆ ಅದು ಕೈಸೇರಿದ 7 ದಿನದೊಳಗೆ, ತಡವಾಗಿ ಬಂದ ಬ್ಯಾಗಿಗೆ ಅದು ತಲುಪಿದ 21 ದಿನದೊಳಗೆ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದ ಬ್ಯಾಗನ್ನು ಕಳೆದುಹೋಗಿದೆ ಎಂದೇ ಪರಿಗಣಿಸಿ ಪರಿಹಾರ ಕೇಳಬಹುದು.

ಈ ಅಂಕಣಕಾರ್ತಿ ಒಂದು ಚಳಿಗಾಲದಲ್ಲಿ ಚಿಕ್ಕಮ್ಮನ ಮಗಳ ಮನೆಗೆಂದು ಆಮ್‌ಸ್ಟರ್‌ಡ್ಯಾಮಿಗೆ ಹೋದಾಗ ಸ್ವೆಟರು, ಕೋಟು ತುಂಬಿದ ಪೆಟ್ಟಿಗೆ ದಾರಿಯಲ್ಲಿ ವಿಮಾನ ಬದಲಿಸುವಾಗ ಹಿಂದೆಯೇ ಉಳಿಯಿತು. ಅಲ್ಲಿ ಕೊಂಡ ದಪ್ಪ ಕೋಟು, ಥರ್ಮಲ್, ಕಾಲುಚೀಲ, ಟೂತ್‌ಪೇಸ್ಟ್, ಎಲ್ಲದರ ಬಿಲ್ಲಿಗೂ ಅಂದಂದೇ ಫೋಟೊ ತೆಗೆದಿಟ್ಟುಕೊಂಡಳು. ಯಾಕೆಂದರೆ ಅಂಗಡಿಯ ಥರ್ಮಲ್ ಕಾಗದದ ಅಕ್ಷರ ಬಲುಬೇಗ ಮಾಸುತ್ತದೆ. ಪೆಟ್ಟಿಗೆ ಬಂದ ಮೇಲೆ ಪಟ್ಟಿ ಮಾಡಿ ಕಳಿಸಿದಾಗ ಮೊದಲು ಬಂದದ್ದು ಮುಂದಿನ ಟಿಕೆಟಿಗೆ ಬಳಸುವ ವೋಚರ್. ಬೇಡವೆಂದು ಬರೆದಾಗ ಎರಡನೆಯ ಉತ್ತರ ಬಂತು: ಬಟ್ಟೆ ನಿಮ್ಮ ಬಳಿಯೇ ಉಳಿಯುತ್ತದಲ್ಲ, ಅರ್ಧ ಬೆಲೆ ಕೊಡುತ್ತೇವೆ. ಇದು ಹಲವು ಸಂಸ್ಥೆಗಳು ಹೂಡುವ ವಾದ. ಒಪ್ಪಂದದಲ್ಲಿ ಈ ಅರ್ಧದ ಲೆಕ್ಕ ಎಲ್ಲಿಯೂ ಇಲ್ಲ. ಆ ಚಳಿಗೆ ಕೋಟು ಇಲ್ಲದೆ ಹೊರಗೆ ಕಾಲಿಡಲಾಗದು, ಊರಿಗೆ ಮರಳಿದರೆ ಅದರ ಉಪಯೋಗವೂ ಇಲ್ಲ ಎಂದು ಆಕೆ ಬರೆದಳು. ಪೂರ್ತಿ ಹಣ ಬ್ಯಾಂಕ್ ಖಾತೆಗೇ ಬಂತು.

ಕುಟುಂಬವಾಗಿ ಹೋಗುವವರಿಗೆ ಒಂದು ತೀರ್ಪು ತುಂಬ ಮುಖ್ಯ. 2008ರ ಆಗಸ್ಟ್‌ನಲ್ಲಿ ಬಾರ್ಸಿಲೋನಾದಿಂದ ಪ್ಯಾರಿಸ್‌ಗೆ ಹೊರಟ ಒಂದು ಕುಟುಂಬದ ನಾಲ್ವರು ತಮ್ಮ ಸಾಮಾನನ್ನೆಲ್ಲ ಎರಡೇ ಸೂಟ್‌ಕೇಸಿನಲ್ಲಿ ತುಂಬಿದ್ದರು. ಎರಡೂ ಕಳೆದವು. ಪರಿಹಾರ ಎರಡು ಸೂಟ್‌ಕೇಸಿಗೋ ನಾಲ್ಕು ಜನಕ್ಕೋ? ಐಬೀರಿಯಾ ವಿರುದ್ಧದ ಈ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2012ರಲ್ಲಿ ಹೇಳಿದ್ದು: ತನ್ನ ವಸ್ತು ಆ ಪೆಟ್ಟಿಗೆಯಲ್ಲಿತ್ತೆಂದು ತೋರಿಸಿದ ಪ್ರತಿಯೊಬ್ಬರಿಗೂ ಅವರವರ ಮಿತಿ ಬೇರೆ. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅರ್ಥೈಸಿದ್ದು ಭಾರತವೂ ಒಪ್ಪಿರುವ ಅದೇ ಒಪ್ಪಂದವನ್ನು. ಅಜ್ಜಿಯ ಸೀರೆ, ಮಗುವಿನ ಬಟ್ಟೆ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುರುಕುವ ನಮ್ಮವರು ಮುಚ್ಚುವ ಮೊದಲು ಒಂದು ಫೋಟೊ ತೆಗೆದರೆ ಯಾರದು ಏನೆಂಬುದಕ್ಕೆ ಸಾಕ್ಷಿ ಸಿಗುತ್ತದೆ.

ಚಿನ್ನ, ನಗದು, ಲ್ಯಾಪ್‌ಟಾಪ್, ಔಷಧಿ ಚೆಕ್-ಇನ್ ಬ್ಯಾಗಿನಲ್ಲಿದ್ದರೆ ತಾವು ಹೊಣೆಯಲ್ಲ ಎಂದು ಸಂಸ್ಥೆಗಳು ಷರತ್ತಿನಲ್ಲೇ ಬರೆದಿರುತ್ತವೆ. ಅವನ್ನು ಕೈಚೀಲದಲ್ಲೇ ಒಯ್ಯುವುದು ಲೇಸು. ಬೇರೆ ಬೆಲೆಬಾಳುವ ಸಾಮಾನಿದ್ದರೆ ಚೆಕ್-ಇನ್ ಹೊತ್ತಿನಲ್ಲೇ ಮೌಲ್ಯ ಘೋಷಿಸಿ, ಹೆಚ್ಚುವರಿ ಶುಲ್ಕ ಕಟ್ಟಿ, ಮಿತಿಯನ್ನು ಏರಿಸಿಕೊಳ್ಳಲು ಅವಕಾಶವಿದೆ.

ಸಂಸ್ಥೆ ಉತ್ತರಿಸದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್ ಇದೆ, 1915ರ ಗ್ರಾಹಕ ಸಹಾಯವಾಣಿ ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಲಬುರಗಿಯವರು ದಿಲ್ಲಿಗೆ ಅಲೆಯಬೇಕಿಲ್ಲ. ಟಿಕೆಟಿಗೆ ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಮಾಂಟ್ರಿಯಲ್ ಒಪ್ಪಂದದಡಿ ದಾವೆಗೆ ಇರುವುದು ಎರಡೇ ವರ್ಷ. ಆ ಎಣಿಕೆ ಶುರುವಾಗುವುದು ಸಂಸ್ಥೆ ಕಳಿಸಿದ ಕೊನೆಯ ಇಮೇಲಿನಿಂದಲ್ಲ, ವಿಮಾನ ಇಳಿದ ದಿನದಿಂದ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ತಿಂಗಳುಗಟ್ಟಲೆ ಬರುತ್ತಲೇ ಇದ್ದರೆ, ಅದನ್ನು ಕಾಯುತ್ತ ಕೂರದೆ ದೂರು ದಾಖಲಿಸಿಬಿಡಬೇಕು.