ಮರಕ್ಕೆ ಮಂಪರು ಹಾಕುವ ಮುನ್ನ

ಮಗಾ, ಬೆಂಗಳೂರಿನ ಕೆಲಸ ಬಿಟ್ಟು ಮಾವಿನ ತೋಪು ನೋಡಿಕೊಳ್ಳಲು ಬಂದಿದ್ದೀಯ, ಸಂತೋಷ. ಆದರೆ ನಿನ್ನೆ ಶ್ರೀನಿವಾಸಪುರದಿಂದ ಎರಡು ಕ್ಯಾನು ತಂದು ಪಂಪ್‌ಹೌಸಿನಲ್ಲಿ ಇಟ್ಟಿದ್ದನ್ನು ನೋಡಿದೆ. ನಿನ್ನ ದೊಡ್ಡಪ್ಪನಿಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲು ಆ ಕಲ್ಟಾರ್ ವಿಷಯ. ಅಂಗಡಿಯಲ್ಲಿ ಅದನ್ನು ಹೂ ಬರಿಸೋ ಔಷಧಿ ಎಂದೇ ಕೊಟ್ಟಿರುತ್ತಾರೆ. ಅದು ಮಾಡುವ ಕೆಲಸ ಬೇರೆ ಕಣಪ್ಪ. ಚಿಗುರು ಉದ್ದಕ್ಕೆ ಓಡಬೇಕಾದರೆ ಮರದೊಳಗೆ ಜಿಬ್ಬರಲಿನ್ ಅನ್ನುವ ಹಾರ್ಮೋನು ತಯಾರಾಗಬೇಕು. ಕಲ್ಟಾರಿನಲ್ಲಿರುವ ಪ್ಯಾಕ್ಲೊಬ್ಯುಟ್ರಜಾಲ್ ಆ ತಯಾರಿಯನ್ನೇ ಕಟ್ಟಿಹಾಕುತ್ತದೆ. ಚಿಗುರೊಡೆಯಲಾಗದ ಮರ ಹೂವಿಗೆ ತಿರುಗುತ್ತದೆ. ಮಂಪರು ಹಾಕಿ ದುಡಿಸಿಕೊಂಡ ಹಾಗೆ. ವರ್ಷ ಬಿಟ್ಟು ವರ್ಷ ಕಾಯಿ ಕೊಡುವ ಬಾದಾಮಿಗೆ ಅದರಿಂದ ಉಪಯೋಗ ಇದೆ, ಇಲ್ಲ ಅನ್ನಲಾರೆ. ನಾನೂ ಹಾಕಿದ್ದೇನೆ.

ಭಯ ಇರುವುದು ಅದು ಮಣ್ಣಿನಲ್ಲಿ ಉಳಿಯುವ ಕಾಲದ ಬಗ್ಗೆ. ಈ ವರ್ಷ ಬುಡಕ್ಕೆ ಹುಯ್ದಿದ್ದು ಈ ವರ್ಷಕ್ಕೇ ಮುಗಿಯುವುದಿಲ್ಲ. ಹಿಂದೊಮ್ಮೆ ಸಾಲಕ್ಕೆ ಸಿಕ್ಕಿ ಮೇಲಿನ ತೋಪನ್ನು ಎರಡು ವರ್ಷ ಗುತ್ತಿಗೆಗೆ ಕೊಟ್ಟಿದ್ದೆ. ಎರಡು ವರ್ಷದ ನಂಟಿನವನಿಗೆ ಮರದ ಮೂರನೇ ವರ್ಷ ಯಾಕೆ ಬೇಕು? ಎರಡು ಸಲವೂ ಕಣ್ಣಳತೆಯಲ್ಲಿ ಸುರಿದ. ತೋಪು ನನ್ನ ಕೈಗೆ ಬಂದಾಗ ಚಿಗುರೆಲ್ಲ ಗೇಣುದ್ದವೂ ಇಲ್ಲದೆ ಪೊರಕೆಯ ಹಾಗೆ ಒತ್ತಿಕೊಂಡಿತ್ತು, ಹೂಗೊಂಚಲು ಕೋಸಿನ ಹಾಗೆ ಗಂಟು ಕಟ್ಟಿತ್ತು. ಆ ಗಂಟಿನೊಳಗೆ ಜಿಗಿಹುಳು ಮನೆ ಮಾಡಿದರೆ ಯಾವ ಸ್ಪ್ರೇ ಒಳಕ್ಕೆ ಹೋಗುತ್ತದೆ ಹೇಳು. ಆದ್ದರಿಂದ ಹತ್ತು ವರ್ಷ ತುಂಬದ ಗಿಡದ ಹತ್ತಿರ ಅದನ್ನು ಒಯ್ಯಬೇಡ. ಕೊಂಬೆ ಹರಡಿದ ಅಗಲವನ್ನು ಟೇಪು ಹಿಡಿದು ಅಳೆದು, ಅದರ ಲೆಕ್ಕಕ್ಕೇ ಹಾಕು. ಯಾವ ಮರಕ್ಕೆ ಎಷ್ಟು, ಯಾವ ದಿನ ಅಂತ ಬರೆದಿಡು. ಕಂಪ್ಯೂಟರಿನಲ್ಲಿ ದುಡಿದವನಿಗೆ ಅದೇನು ಕಷ್ಟವಲ್ಲ.

ಎರಡನೇ ಕ್ಯಾನು ಊಜಿಗೆ ಅಂದೆ. ಊಜಿನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹುಳು ತಿರುಳಿನಲ್ಲಿರುವಾಗ ನೀನು ಸಿಪ್ಪೆಯ ಮೇಲೆ ವಿಷ ಹೊಡೆಯುತ್ತೀಯ. ಹುಳುವಿಗೆ ಏನೂ ಆಗುವುದಿಲ್ಲ, ತಿನ್ನುವವರಿಗೆ ಆಗುತ್ತದೆ. ಹಣ್ಣು ಉದುರಿದ ಮೇಲೆ ಆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ, ವಾರ ಹತ್ತು ದಿನದಲ್ಲಿ ನೊಣವಾಗಿ ಮೇಲೇಳುತ್ತದೆ. ಅಂದರೆ ಬುಡದಲ್ಲಿ ಕೊಳೆಯುವ ಹಣ್ಣೇ ಅದರ ತೊಟ್ಟಿಲು. ದಿನಾ ಆರಿಸಿ, ಮೊಣಕಾಲಿಗಿಂತ ಆಳದ ಗುಂಡಿಯಲ್ಲಿ ಮುಚ್ಚು. ಇದೇ ನೊಣದ ದೆಸೆಯಿಂದ 2014ರ ಮೇ ತಿಂಗಳಲ್ಲಿ ಯುರೋಪಿನವರು ನಮ್ಮ ದೇಶದ ಮಾವನ್ನೇ ಬೇಡವೆಂದರು, ಬಾಗಿಲು ತೆರೆದಿದ್ದು ಮುಂದಿನ ವರ್ಷ.

ಬಲೆಯ ಡಬ್ಬಿಗಳು ಅಟ್ಟದ ಮೇಲಿವೆ. ಒಳಗಿನ ಮರದ ತುಂಡಿಗೆ ಮೀಥೈಲ್ ಯುಜಿನಾಲ್ ಹೀರಿಸಿ ನೇತುಹಾಕಿದರೆ ಗಂಡು ನೊಣ ಹುಡುಕಿಕೊಂಡು ಬರುತ್ತದೆ. ನಮ್ಮಪ್ಪ ತುಳಸಿ ಅರೆದು ತೆಂಗಿನ ಚಿಪ್ಪಿನಲ್ಲಿಟ್ಟು ಕಟ್ಟುತ್ತಿದ್ದ, ತುಳಸಿಯಲ್ಲಿರುವುದೂ ಅದೇ ವಾಸನೆ. ಆದರೆ ಬೀಳುವುದು ಗಂಡು ಮಾತ್ರ. ಪಕ್ಕದ ತೋಪಿನಲ್ಲಿ ಬಲೆ ಇಲ್ಲದಿದ್ದರೆ ಅಲ್ಲಿ ಕೂಡಿದ ಹೆಣ್ಣು ಬಂದು ನಿನ್ನ ಹಣ್ಣಿಗೆ ಮೊಟ್ಟೆ ಇಡುತ್ತದೆ. ಆದ್ದರಿಂದ ಬಲೆ ಕಟ್ಟುವ ಕೆಲಸದಲ್ಲಿ ಅರ್ಧ, ಬದುವಿನಾಚೆಯವರ ಮನೆಗೆ ಹೋಗಿ ಕಾಫಿ ಕುಡಿದು ಬರುವುದು. ನಿನಗೆ ಸಂಕೋಚ ಜಾಸ್ತಿ, ಮೊದಲ ಸಲ ನಾನೂ ಬರುತ್ತೇನೆ.

ನೊಣ ಅಂದ ಕೂಡಲೇ ಎಲ್ಲವೂ ಶತ್ರು ಅಂದುಕೊಳ್ಳಬೇಡ. ಮಾವಿನ ಹೂವಿಗೆ ಪರಾಗ ಮುಟ್ಟಿಸುವುದರಲ್ಲಿ ನೊಣಗಳ ಪಾಲೇ ದೊಡ್ಡದು, ಜೊತೆಗೆ ಜೇನು. ಹೂ ಬಿಚ್ಚಿದಾಗ ವಿಷ ಹೊಡೆದವನು ಕಾಯಿ ಕಚ್ಚಲಿಲ್ಲ ಅಂತ ಆಮೇಲೆ ಮತ್ತೊಂದು ಔಷಧಿ ಕೇಳುತ್ತಾ ಹೋಗುತ್ತಾನೆ. ಕೆಂಜಿಗವನ್ನೂ ಪೂರ್ತಿ ಸುಡಬೇಡ. ಎಲೆ ಹೊಲಿದು ಗೂಡು ಕಟ್ಟುವ ಆ ಇರುವೆ ಎಷ್ಟೋ ಹುಳುವನ್ನು ಹೊತ್ತೊಯ್ಯುತ್ತದೆ. ಹಾಗಂತ ಅದು ಸಾಧುವೇನಲ್ಲ, ಸಿಹಿ ಅಂಟಿನ ಆಸೆಗೆ ಹಿಟ್ಟು ತಿಗಣೆಯನ್ನು ಕಾಯುತ್ತದೆ, ಕಾಯಿ ಕೀಳುವವರನ್ನು ಕಚ್ಚುತ್ತದೆ.

ಹಿಟ್ಟು ತಿಗಣೆ ಅಂದಾಗ ನೆನಪಾಯಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿ ಹಿಟ್ಟು ತಿಗಣೆ ದಕ್ಷಿಣವನ್ನೆಲ್ಲ ಹಬ್ಬಿ, ಹಿಪ್ಪುನೇರಳೆಯನ್ನೂ ಹಿಡಿಯಿತು. ಎಷ್ಟು ಹೊಡೆದರೂ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ ಬಿಟ್ಟರು. ಸಾಸಿವೆ ಕಾಳಿನಷ್ಟೂ ಇಲ್ಲದ ಅಸೆರೊಫೇಗಸ್ ಅನ್ನುವ ಕಣಜ ಆ ಹಾವಳಿಯನ್ನು ಇಳಿಸಿತು. ಅದನ್ನು ಬಿಟ್ಟ ತೋಟದಲ್ಲಿ ಆಮೇಲೆ ವಿಷ ಹೊಡೆದರೆ ಮೊದಲು ಸಾಯುವುದೂ ಅದೇ.

ಆ ಎರಡನೇ ಕ್ಯಾನಿನ ಸೀಲು ಒಡೆಯಬೇಡ, ಸೋಮವಾರ ಅಂಗಡಿಗೆ ವಾಪಸ್ಸು ಕೊಟ್ಟು ಬಾ. ಕಲ್ಟಾರ್ ನನ್ನ ಹತ್ತಿರ ಇರಲಿ, ಮಳೆ ಹಿಡಿದ ಮೇಲೆ ಹಳೇ ಬಾದಾಮಿ ಸಾಲನ್ನು ಇಬ್ಬರೂ ಅಳೆಯೋಣ. ನಾಳೆ ಬಿಸಿಲೇರುವ ಮೊದಲು ಬುಟ್ಟಿ, ಗುದ್ದಲಿ ತಗೊಂಡು ಬಾ. ರಾತ್ರಿ ಗಾಳಿ ಜೋರಾಗಿತ್ತು, ತೋತಾಪುರಿ ಬುಡದಲ್ಲಿ ಹಣ್ಣು ಚೆಲ್ಲಾಡಿರುತ್ತದೆ.